ಎರಡನೇ ಕೋಣೆಯ ವಿಚಾರವಾಗಿ ಒಂದು ಅಹವಾಲು

ಗೆ,
ಟೆಲಿವಿಷನ್ ಧಾರಾವಾಹಿಗಳ ಕಥೆ ಬರೆಯುವ ಮಹನೀಯರಿಗೆ,
ಲಂಡನ್, ಲಾಸ್ ಏಂಜಲೀಸ್ ಮತ್ತು ಇತರೆಡೆ.

ವಿಷಯ: ಇಬ್ಬರು ಗಂಡಸರ ನಡುವೆ ಏನೋ ಇದೆಯೆಂದು ತಾವೇ ಸೂಚಿಸಿ, ಹೌದೇ ಎಂದು ಕೇಳಿದವರನ್ನು ನೋಡಿ ನಕ್ಕ ಬಗ್ಗೆ.

ಮಾನ್ಯರೇ,

ಷರ್ಲಾಕ್ ಹೋಮ್ಸ್‌ಗೂ ಡಾಕ್ಟರ್ ವಾಟ್ಸನ್‌ಗೂ ಮದುವೆ ಮಾಡಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅಂಥ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಬೇಕಾದಷ್ಟು ಬಿದ್ದಿರುತ್ತವೆ. ನನ್ನ ದೂರು ಅದಕ್ಕಿಂತ ಸಣ್ಣದು. ನೀವೇ ದೀಪ ಹಿಡಿದು ತೋರಿಸಿದ ಜಾಗವನ್ನು ನಾವು ನೋಡಿದೆವು. ನೋಡಿದ ಮೇಲೆ, ಅಲ್ಲಿ ಏನೂ ಇಲ್ಲ, ನಿಮ್ಮ ಕಣ್ಣೇ ಸರಿಯಿಲ್ಲ ಅಂದಿರಿ. ಅಷ್ಟೇ.

ನಾನು ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಕಾವ್ಯಮೀಮಾಂಸೆ ಹೇಳಿಕೊಡುತ್ತಿದ್ದೇನೆ. ‘ಹೊತ್ತು ಮುಳುಗಿತು’ ಎಂಬ ಒಂದೇ ಮಾತು ದನ ಕಾಯುವವನಿಗೆ ಒಂದು ಅರ್ಥ, ಕಳ್ಳನಿಗೆ ಇನ್ನೊಂದು, ಯಾರದೋ ದಾರಿ ಕಾಯುತ್ತಿರುವವಳಿಗೆ ಮತ್ತೊಂದು ಎಂದು ಪ್ರತಿವರ್ಷ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ. ಬಾಯಿಬಿಟ್ಟು ಹೇಳಿದ್ದು ವಾಚ್ಯ, ಹೇಳದೆ ಹೊಳೆಸಿದ್ದು ಧ್ವನಿ. ಹೊಳೆದದ್ದನ್ನು ಹಿಡಿಯಬಲ್ಲವನಿಗೆ ನಮ್ಮ ಹಿರಿಯರು ಸಹೃದಯ ಎಂಬ ದೊಡ್ಡ ಹೆಸರು ಕೊಟ್ಟರು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲೇ ಧ್ವನಿಯ ಮಾತು ಬರುತ್ತದೆ. ಅಂದರೆ ಸೂಚನೆ, ಇಂಗಿತ, ಒಳಮಾತು ಇವೆಲ್ಲ ನಮಗೆ ಹೊಸ ಸರಕಲ್ಲ. ಪಂಪಭಾರತದಲ್ಲಿ ಭಾನುಮತಿ ನೆತ್ತವಾಡಿ ಸೋಲುವ ಒಂದು ಪದ್ಯವಿದೆ. ಅವಳ ಹಾರಕ್ಕೆ ಕೈಹಾಕಿದವನು ದುರ್ಯೋಧನನೋ ಕರ್ಣನೋ ಎಂದು ನಮ್ಮ ವಿದ್ವಾಂಸರು ಲೇಖನದ ಮೇಲೆ ಲೇಖನ ಬರೆದಿದ್ದಾರೆ. ಒಬ್ಬರು ವ್ಯಾಕರಣ ಹಿಡಿದು ಬಂದರೆ ಇನ್ನೊಬ್ಬರು ಔಚಿತ್ಯ ಹಿಡಿದು ಬಂದರು. ಅವರಿಗೆ ಹುಚ್ಚು ಹಿಡಿದಿದೆ ಎಂದು ಯಾರೂ ಅನ್ನಲಿಲ್ಲ. ಅವರಲ್ಲಿ ಕೆಲವರು ನಮ್ಮ ಗುರುಗಳ ಗುರುಗಳು.

ನಿಮ್ಮ ಧಾರಾವಾಹಿಯ ಮೇಲೆ ಅದೇ ಕೆಲಸ ಮಾಡಿದ ಹುಡುಗ ಹುಡುಗಿಯರಿಗೆ ಮಾತ್ರ ಬೇರೆ ಮರ್ಯಾದೆ ಸಿಕ್ಕಿತು.

ಬಿಬಿಸಿಯ ‘ಷರ್ಲಾಕ್’ ಮೊದಲು ಪ್ರಸಾರವಾದದ್ದು 2010ರ ಜುಲೈ 25ರಂದು. ನಮ್ಮ ಮನೆಗೆ ಬಂದದ್ದು ಮರುವರ್ಷ, ಸಹೋದ್ಯೋಗಿಯೊಬ್ಬರ ಪೆನ್‌ಡ್ರೈವ್‌ನಲ್ಲಿ. ‘ನಮ್ಮ ಮನೆ’ ಅಂದರೆ ನಾನು ಮತ್ತು ಇವನು. ಹೆಂಗಸರು ಗಂಡನ ಹೆಸರು ಹೇಳದೆ ‘ಇವರು’ ಅನ್ನುತ್ತಾರಲ್ಲ, ಹಾಗೆ ನಾನು ‘ಇವನು’ ಅನ್ನುತ್ತೇನೆ. ಇವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ. ಕಾವ್ಯಮೀಮಾಂಸೆ ಇವನಿಗೆ ಬೇಕಿಲ್ಲ, ಪತ್ತೇದಾರಿ ಕಥೆ ಅಂದರೆ ಊಟ ಬಿಡುತ್ತಾನೆ.

ಮೊದಲ ಕಂತಿನಲ್ಲೇ ಬಾಡಿಗೆಗೆ ಮನೆ ನೋಡಲು ಷರ್ಲಾಕ್ ಮತ್ತು ಜಾನ್ ವಾಟ್ಸನ್ ಬೇಕರ್ ಸ್ಟ್ರೀಟಿಗೆ ಬರುತ್ತಾರೆ. ಮನೆಯಾಕೆ ಮಿಸೆಸ್ ಹಡ್ಸನ್, ಮೇಲೆ ಇನ್ನೊಂದು ಮಲಗುವ ಕೋಣೆಯೂ ಇದೆ, ನಿಮಗೆ ಎರಡು ಬೇಕಾಗುವುದಿದ್ದರೆ, ಎಂದು ಮೆಲ್ಲನೆ ಹೇಳುತ್ತಾಳೆ. ನಾವು ಅಲ್ಲೇ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾಕೆಂದರೆ ನಮ್ಮ ಓನರ್ ಅಮ್ಮ ಮೂರು ವರ್ಷದ ಹಿಂದೆ ಮನೆ ತೋರಿಸುವಾಗ ಹೇಳಿದ್ದು ತಿರುಗಾಮುರುಗಾ: ‘ಇಬ್ರು ಗಂಡುಡುಗ್ರು, ಒಂದು ರೂಮು ಸಾಕಲ್ವೇನಪ್ಪ? ಇನ್ನೊಂದ್ರಲ್ಲಿ ನಮ್ಮ ಹಳೇ ಬೀರು ಇಟ್ಕೋತೀನಿ.’ ಲಂಡನ್ನಿನ ಮನೆಯಾಕೆಗೆ ಇಲ್ಲದ್ದೂ ಕಾಣುತ್ತದೆ, ನಮ್ಮ ಓನರ್ ಅಮ್ಮನಿಗೆ ಇದ್ದದ್ದೂ ಕಾಣುವುದಿಲ್ಲ. ನಮ್ಮ ಕಡೆ ಗಂಡಸರು ಕೈ ಕೈ ಹಿಡಿದು ಜಾತ್ರೆ ಸುತ್ತಬಹುದು, ಒಂದೇ ಕಂಬಳಿ ಹೊದೆಯಬಹುದು, ಯಾರೂ ಏನೂ ಓದುವುದಿಲ್ಲ. ಆ ಕುರುಡಿನ ನೆರಳಿನಲ್ಲೇ ನಾವಿಬ್ಬರೂ ಇಷ್ಟು ವರ್ಷ ತಣ್ಣಗಿದ್ದೇವೆ.

ಅದೇ ಕಂತಿನಲ್ಲಿ ಹೋಟೆಲಿನ ಏಂಜಲೋ ಅವರಿಬ್ಬರ ಮೇಜಿಗೆ ಮೇಣದ ಬತ್ತಿ ತಂದಿಡುತ್ತಾನೆ, ಬೆಳಕಿಗಲ್ಲ, ರಸಿಕತೆಗೆ. ಜಾನ್ ಸಿಡುಕುತ್ತಾನೆ. ಅಲ್ಲಿಂದ ಮುಂದಕ್ಕೆ ಸಿಕ್ಕಸಿಕ್ಕವರೆಲ್ಲ ಅವರನ್ನು ಜೋಡಿ ಎಂದುಕೊಳ್ಳುವುದು, ಜಾನ್ ಅಲ್ಲ ಅಲ್ಲ ಎನ್ನುವುದು. ಸಾಸಿವೆ ಒಗ್ಗರಣೆಯ ಹಾಗೆ ಕಂತಿಗೊಂದು ಸಲ ಚಟಪಟ. 2012ರ ಜನವರಿ 1ರ ಕಂತಿನಲ್ಲಿ ಐರೀನ್ ಆಡ್ಲರ್ ಎಂಬಾಕೆ ಜಾನ್‌ನ ಎದುರು ನಿಂತು, ನೀವಿಬ್ಬರೂ ಜೋಡಿಯೇ ಅನ್ನುತ್ತಾಳೆ. ತಾನು ಗೇ ಅಲ್ಲ ಎಂದು ಅವನು ಹೇಳಿದರೆ, ನಾನು ಹೆಂಗಸರನ್ನು ಬಯಸುವವಳು, ಆದರೂ ನಾವಿಬ್ಬರೂ ಅದೇ ಷರ್ಲಾಕ್‌ನ ಹಿಂದೆ ಇದ್ದೇವಲ್ಲ, ನೋಡು, ಎಂಬ ಅರ್ಥ ಬರುವ ಮಾತಾಡುತ್ತಾಳೆ. ಅದು ತಮಾಷೆಯ ದೃಶ್ಯವಲ್ಲ. ಆ ಬೂದು ಬೆಳಕು, ಜಾನ್‌ನ ಮುಖ, ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವ ಷರ್ಲಾಕ್. ಅದನ್ನು ಬರೆದವರಿಗೆ ತಾವೇನು ಬರೆಯುತ್ತಿದ್ದೇವೆ ಎಂದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಇನ್ನೆರಡು ವರ್ಷಕ್ಕೆ ಜಾನ್‌ನ ಮದುವೆ. ಷರ್ಲಾಕ್ ಮಾಡುವ ಆ ಉದ್ದನೆಯ ಭಾಷಣ, ಆಮೇಲೆ ಎಲ್ಲರೂ ಕುಣಿಯುತ್ತಿರುವಾಗ ಅವನು ಕೋಟು ಹಾಕಿಕೊಂಡು ಒಬ್ಬನೇ ಕತ್ತಲೆಗೆ ನಡೆದುಹೋಗುವುದು. ನನ್ನ ಗಂಟಲು ಕಟ್ಟಿತು.

ಇವನು ಮಾತ್ರ ಕೊನೆಯವರೆಗೂ ಎದುರು ಪಾರ್ಟಿ. ‘ಅವರು ಬರೀ ಫ್ರೆಂಡ್ಸು ಕಣೋ. ಬಾಡಿಗೆ ಹಂಚ್ಕೋತಿದಾರೆ ಅಷ್ಟೆ’ ಅಂತ ಇವನ ವಾದ. ಒಂದು ರಾತ್ರಿ ಇದು ಜೋರಾಗಿಯೇ ಜಗಳವಾಯಿತು. ಇವನ ಅಪ್ಪನಿಗೊಬ್ಬ ಸ್ನೇಹಿತರಿದ್ದರಂತೆ. ಬೇಸಿಗೆಯಲ್ಲಿ ಇಬ್ಬರೂ ಜಗಲಿಯ ಮೇಲೆ ಒಂದೇ ಚಾಪೆ ಹಾಸಿ ಮಲಗಿ ನಡುರಾತ್ರಿಯವರೆಗೆ ಮಾತಾಡುವರಂತೆ. ಆ ಸ್ನೇಹಿತರು ಹೋದಾಗ ಅಪ್ಪ ಮೂರು ದಿನ ಅನ್ನ ಮುಟ್ಟಲಿಲ್ಲ. ‘ಅದಕ್ಕೂ ನೀನು ಹೆಸರಿಡ್ತೀಯಾ? ಗಂಡಸ್ರು ಒಬ್ಬರನ್ನೊಬ್ಬರು ಅಷ್ಟು ಹಚ್ಕೊಂಡ್ರೆ ಅದು ಇದೇ ಅಂತ ಲೇಬಲ್ ಅಂಟಿಸಿದ್ರೆ, ನಾಳೆಯಿಂದ ಯಾವ ಗಂಡಸೂ ಗೆಳೆಯನ ಹೆಗಲ ಮೇಲೆ ಕೈ ಹಾಕಲ್ಲ’ ಅಂದ. ಈ ಮಾತಿಗೆ ನನ್ನ ಹತ್ತಿರ ಆವತ್ತು ಉತ್ತರ ಇರಲಿಲ್ಲ. ಇವತ್ತೂ ಪೂರ್ತಿ ಇಲ್ಲ. ಅಭಿಮಾನಿಗಳ ವಾಗ್ವಾದದಲ್ಲಿ ‘ಬರೀ ಸ್ನೇಹ’ ಎನ್ನುವವರೆಲ್ಲ ಹೊಟ್ಟೆಕಿಚ್ಚಿನವರೂ ಅಲ್ಲ, ಸಲಿಂಗಪ್ರೇಮ ಕಂಡರೆ ಮೈಯುರಿಯುವವರೂ ಅಲ್ಲ. ಕೆಲವರು ಕಾಯುತ್ತಿರುವುದು ಆ ಜಗಲಿಯನ್ನು.

ಆದರೆ ಇವನ ಅಪ್ಪನ ಜಗಲಿಯ ಪಕ್ಕದಲ್ಲಿ ನಿಂತು ಯಾರೂ ಕಣ್ಣು ಹೊಡೆಯುತ್ತಿರಲಿಲ್ಲ. ನನ್ನ ಜಗಳ ಆ ಕಣ್ಣು ಹೊಡೆದವರ ಮೇಲೆ. ಮೂಲದ ಕಾನನ್ ಡಾಯ್ಲ್‌ರನ್ನೇ ನೋಡಿ. 1924ರಲ್ಲಿ ಬಂದ ಮೂವರು ಗ್ಯಾರಿಡೆಬ್‌ಗಳ ಕಥೆಯಲ್ಲಿ ವಾಟ್ಸನ್‌ಗೆ ಗುಂಡು ತಾಗುತ್ತದೆ. ಕಲ್ಲಿನಂಥ ಹೋಮ್ಸ್ ಒಂದು ಕ್ಷಣ ಅಲುಗಾಡಿಹೋಗುತ್ತಾನೆ, ಆ ಒಂದು ಕ್ಷಣಕ್ಕಾಗಿ ಗಾಯವೂ ಆಗಬಹುದು ಎಂದು ವಾಟ್ಸನ್‌ಗೆ ಅನಿಸುತ್ತದೆ. ಡಾಯ್ಲ್ ಅಷ್ಟು ಬರೆದು ಸುಮ್ಮನಾದರು. ಓದಿದವರು ತಮಗೆ ಬೇಕಾದ್ದನ್ನು ತೆಗೆದುಕೊಂಡರು. 1941ರಲ್ಲಿ ರೆಕ್ಸ್ ಸ್ಟೌಟ್ ಎಂಬ ಪತ್ತೇದಾರಿ ಕಾದಂಬರಿಕಾರ ಹೋಮ್ಸ್ ಪ್ರೇಮಿಗಳ ಸಭೆಯಲ್ಲಿ, ವಾಟ್ಸನ್ ಹೆಂಗಸೇ ಇರಬೇಕು ಎಂದು ಗಂಭೀರ ಮುಖ ಮಾಡಿಕೊಂಡು ವಾದಿಸಿದ. 1970ರಲ್ಲಿ ಬಿಲ್ಲಿ ವೈಲ್ಡರ್ ಇಬ್ಬರ ನಡುವೆ ಏನಿದೆ ಎಂಬುದನ್ನೇ ಇಟ್ಟುಕೊಂಡು ಒಂದು ಸಿನಿಮಾದಲ್ಲಿ ಆಟವಾಡಿದರು. ಡಾಯ್ಲ್ ಮೇಲೆ ಯಾರಿಗೂ ಕೋಪವಿಲ್ಲ, ಯಾಕೆಂದರೆ ಆತ ಓದುಗನ ಮೂಗಿಗೆ ತುಪ್ಪ ಸವರಲಿಲ್ಲ. ಕ್ವಿಯರ್‌ಬೇಟಿಂಗ್ ಎಂದು ಈಗಿನ ಹುಡುಗರು ಹೇಳುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಸರಿಯಾದ ಮಾತಿಲ್ಲ. ತುಪ್ಪ ಇದೆ, ಘಮ ಬರುತ್ತದೆ, ಬಾಯಿಗೆ ಮಾತ್ರ ಎಂದೂ ಬೀಳುವುದಿಲ್ಲ. ಕೇಳಿದರೆ, ಯಾವ ತುಪ್ಪ?

2013ರ ಡಿಸೆಂಬರ್ 11 ನನಗೆ ಚೆನ್ನಾಗಿ ನೆನಪಿದೆ. ದೆಹಲಿ ಹೈಕೋರ್ಟ್ 2009ರಲ್ಲಿ ಬಿಚ್ಚಿದ್ದ, ನಮ್ಮಂಥವರನ್ನು ಅಪರಾಧಿಗಳೆನ್ನುವ 377ನೇ ಕಲಮಿನ ಗಂಟನ್ನು ಸುಪ್ರೀಂ ಕೋರ್ಟ್ ಆವತ್ತು ಮತ್ತೆ ಬಿಗಿಯಿತು. ಸಂಜೆ ಇವನು ಬ್ಯಾಂಕಿನಿಂದ ಬಂದು ಟಿ.ವಿ. ಹಾಕಲಿಲ್ಲ. ಇಬ್ಬರೂ ಚಿತ್ರಾನ್ನ ತಿಂದು ಮಲಗಿದೆವು. ಅಲ್ಲಿಂದ ಸರಿಯಾಗಿ ಮೂರು ವಾರಕ್ಕೆ, ಜನವರಿ 1ರಂದು, ‘ಷರ್ಲಾಕ್’ನ ಮೂರನೇ ಸರಣಿ ಶುರು. ಅದರಲ್ಲಿ ಷರ್ಲಾಕ್ ಸಾವಿನಿಂದ ಹೇಗೆ ಪಾರಾದ ಎಂದು ಊಹಿಸುವ ಅಭಿಮಾನಿಗಳ ಕೂಟವೊಂದು ಬರುತ್ತದೆ. ಒಬ್ಬ ಹುಡುಗಿಯ ಊಹೆಯಲ್ಲಿ ಷರ್ಲಾಕ್ ಮತ್ತು ಅವನ ವೈರಿ ಮೊರಿಯಾರ್ಟಿ ಕಟ್ಟಡದ ತಾರಸಿಯ ಮೇಲೆ ನಗುತ್ತಾ ಒಬ್ಬರ ಮುಖಕ್ಕೆ ಒಬ್ಬರು ಬಾಗುತ್ತಾರೆ. ತುಟಿ ತಾಗುವ ಮುಂಚೆ ಕೂಟದ ಇನ್ನೊಬ್ಬ, ನಿನಗೇನು ತಲೆ ಕೆಟ್ಟಿದೆಯಾ ಎಂದು ಅವಳನ್ನು ಗದರುತ್ತಾನೆ. ನೀವು ಬರೆದದ್ದನ್ನು ಓದಿದ ಹುಡುಗಿಯನ್ನು ನಿಮ್ಮದೇ ಧಾರಾವಾಹಿಯೊಳಗೆ ಕರೆತಂದು ಕೂರಿಸಿ ನಗೆಪಾಟಲು ಮಾಡಿದಿರಿ. ಆ ಇಂಗ್ಲೆಂಡಿನಲ್ಲಿ ಗಂಡಸರು ಗಂಡಸರನ್ನು ಮದುವೆಯಾಗುವ ಕಾನೂನು ಹಿಂದಿನ ಜುಲೈನಲ್ಲೇ ಪಾಸಾಗಿತ್ತು. ಆ ಧಾರಾವಾಹಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಮಾರ್ಕ್ ಗೇಟಿಸ್ ತಾವು ಗೇ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು. ನಿಮ್ಮ ಬಾಗಿಲಲ್ಲಿ ಪೊಲೀಸರಿರಲಿಲ್ಲ. ನಮ್ಮ ಬಾಗಿಲಲ್ಲಿ ಇದ್ದರು, ಅಥವಾ ಬರಬಹುದಿತ್ತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. 2016ರಲ್ಲಿ ಗೇಟಿಸ್ ಮತ್ತು ಅವರ ಜೊತೆಗಾರ ಸ್ಟೀವನ್ ಮೊಫಾಟ್, ಇವರಿಬ್ಬರನ್ನು ಜೋಡಿ ಮಾಡುವ ಯಾವ ಯೋಜನೆಯೂ ನಮ್ಮಲ್ಲಿಲ್ಲ ಎಂದು ನೇರವಾಗಿಯೇ ಹೇಳಿದ್ದರು. ಅಭಿಮಾನಿಗಳ ಒಂದು ಗುಂಪು ನಂಬಲಿಲ್ಲ. ಕಥೆ ಬಯಲಾಗಬಾರದೆಂದು ನಾವು ಸುಳ್ಳು ಹೇಳುತ್ತೇವೆ ಎಂದು ಮೊದಲಿಂದ ಹೇಳಿಕೊಂಡು ಬಂದವರು ಆ ಬರಹಗಾರರೇ. ಹುಲಿ ಬಂತು ಕಥೆ ಇಲ್ಲಿ ತಲೆಕೆಳಗಾಗಿತ್ತು: ಹುಲಿ ಇಲ್ಲ ಅಂದಾಗ ಯಾರೂ ನಂಬಲಿಲ್ಲ. 2017ರ ಜನವರಿ 15ಕ್ಕೆ ಕೊನೆಯ ಕಂತು ಮುಗಿಯಿತು. ಗುಟ್ಟಿನ ಇನ್ನೊಂದು ಕಂತಿದೆ, ಮುಂದಿನ ಭಾನುವಾರ ‘ಆ್ಯಪಲ್ ಟ್ರೀ ಯಾರ್ಡ್’ ಎಂಬ ಹೊಸ ಧಾರಾವಾಹಿಯ ಹೆಸರಿನಲ್ಲಿ ಅದನ್ನೇ ಹಾಕುತ್ತಾರೆ ಎಂದು ಕೆಲವರು ಲೆಕ್ಕ ಹಾಕಿದರು. 22ನೇ ತಾರೀಕು ಬಂದದ್ದು ‘ಆ್ಯಪಲ್ ಟ್ರೀ ಯಾರ್ಡ್’ ಎಂಬ ಹೊಸ ಧಾರಾವಾಹಿಯೇ. ನಗು ಬರುತ್ತದೆ, ನಿಜ. ನಮ್ಮ ಬೀದಿಯಲ್ಲೊಬ್ಬರು ಇದ್ದರು, ಮಗ ಓಡಿಹೋಗಿ ಎಂಟು ವರ್ಷವಾದರೂ ಸಂಜೆ ಬಸ್ಸಿನ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಲ್ಲುವರು. ಅವರನ್ನು ನೋಡಿಯೂ ಕೆಲವರು ನಗುತ್ತಿದ್ದರು.

ಈ ಓದುವ ಚಟ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ನಿಮ್ಮ ದೇಶಗಳಿಂದಲೇ. 1966ರಿಂದ 1969ರವರೆಗೆ ಅಮೆರಿಕದಲ್ಲಿ ಬಂದ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಇವರ ನಡುವಿನ ನೋಟಗಳನ್ನು ಹೆಂಗಸರು ಓದಿದರು, ತಾವೇ ಕಥೆ ಬರೆದರು, ಸೈಕ್ಲೋಸ್ಟೈಲ್ ಮಾಡಿದ ಪತ್ರಿಕೆಗಳಲ್ಲಿ ಗುಟ್ಟಾಗಿ ಹಂಚಿಕೊಂಡರು. ಡಯಾನ್ ಮಾರ್ಚಂಟ್ ಎಂಬಾಕೆಯ ಅಂಥದೊಂದು ಪುಟ್ಟ ಕಥೆ 1974ರಲ್ಲಿ ಅಚ್ಚಾಯಿತು. ಎರಡು ಹೆಸರಿನ ನಡುವೆ ಹಾಕುವ ಓರೆಗೆರೆಯಿಂದಲೇ ಈ ಬಗೆಯ ಬರಹಕ್ಕೆ ‘ಸ್ಲ್ಯಾಶ್’ ಎಂಬ ಹೆಸರು ನಿಂತಿತು. ಇದಕ್ಕೆ ಮೂಲ ಕರ್ತೃ ಜೀನ್ ರಾಡನ್‌ಬೆರಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. 1979ರ ಸಿನಿಮಾವನ್ನು ಕಾದಂಬರಿಯಾಗಿ ಬರೆಯುವಾಗ ಆತ ಸ್ಪಾಕ್‌ನ ಭಾಷೆಗೆ ‘ಥೈಲಾ’ ಎಂಬ ಒಂದು ಪದ ಹೊಸೆದು, ಅದಕ್ಕೆ ಗೆಳೆಯ, ಸೋದರ, ಪ್ರಿಯ ಎಂಬ ಮೂರೂ ಅರ್ಥವಿದೆ ಎಂದು ಅಡಿಟಿಪ್ಪಣಿ ಹಾಕಿದ. ಅದೇ ಟಿಪ್ಪಣಿಯಲ್ಲಿ ಕರ್ಕ್ ತನಗೆ ಹೆಂಗಸರೇ ಇಷ್ಟ ಎಂದೂ ಹೇಳುತ್ತಾನೆ, ಯಾರನ್ನೂ ಅವಮಾನಿಸದೆ. ಥೈಲಾ ಎಂಬುದನ್ನು ಓದಿದಾಗ ನನಗೆ ನಮ್ಮ ‘ಗೆಣೆಯ’ ನೆನಪಾಯಿತು. ಹಳೆಯ ನಿಘಂಟುಗಳಲ್ಲಿ ಗೆಣೆಯ ಎಂದರೆ ಗೆಳೆಯನೂ ಹೌದು, ಪ್ರಿಯನೂ ಹೌದು. ಒಂದು ಭಾಷೆ ಹುಡುಕಿ ಹೊಸೆದದ್ದು ಇನ್ನೊಂದರಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.

ಆ ಕಾಲಕ್ಕೆ ಮರೆಯಲ್ಲಿ ಬರೆಯುವುದು ಅನಿವಾರ್ಯವಾಗಿತ್ತು. ಈಗಲೂ ಕೆಲವು ಕಡೆ ಹಾಗೇ ಇದೆ. ಚೀನಾದಲ್ಲಿ 2016ರ ಫೆಬ್ರವರಿಯಲ್ಲಿ ‘ಅಡಿಕ್ಟೆಡ್’ ಎಂಬ ಧಾರಾವಾಹಿಯನ್ನು ಕೊನೆಯ ಮೂರು ಕಂತು ಬಾಕಿ ಇರುವಾಗಲೇ ತೆಗೆಸಿಹಾಕಿದರು, ಪ್ರೇಮಿಗಳಿಬ್ಬರೂ ಹುಡುಗರೆಂಬ ಕಾರಣಕ್ಕೆ. ಮೂರು ವರ್ಷದ ಮೇಲೆ, 2019ರ ಬೇಸಿಗೆಯಲ್ಲಿ, 50 ಕಂತುಗಳ ‘ದಿ ಅನ್‌ಟೇಮ್ಡ್’ ಬಂತು. ಮೂಲ ಕಾದಂಬರಿಯಲ್ಲಿ ಲಾನ್ ವಾಂಗ್‌ಜಿ ಮತ್ತು ವೇ ವುಶಿಯಾನ್ ಪ್ರೇಮಿಗಳು, ತೆರೆಯ ಮೇಲೆ ಒಬ್ಬರ ಒಳಗನ್ನು ಒಬ್ಬರು ಬಲ್ಲ ಸ್ನೇಹಿತರು. ಲಾನ್ ತಾನು ಕಟ್ಟಿದ ಒಂದು ರಾಗಕ್ಕೆ ಇಬ್ಬರ ಹೆಸರನ್ನೂ ಬೆಸೆದು ಹೆಸರಿಟ್ಟಿದ್ದಾನೆ. ಆ ಹೆಸರನ್ನು ಅವನು ಹೇಳುವಾಗ ತುಟಿ ಅಲುಗುತ್ತದೆ, ದನಿ ಕೇಳುವುದಿಲ್ಲ. ನೋಡುವವರು ತುಟಿ ಓದಿದರು. ಈ ದೃಶ್ಯವನ್ನು ನಾನು ಎಂ.ಎ. ತರಗತಿಯಲ್ಲಿ ತೋರಿಸಬೇಕೆಂದುಕೊಂಡು ಧೈರ್ಯ ಸಾಲದೆ ಬಿಟ್ಟಿದ್ದೇನೆ. ಸೆನ್ಸಾರಿನ ಕತ್ತರಿಯ ಕೆಳಗೆ ಕೂತು, ಕೈಯಲ್ಲಿದ್ದದ್ದನ್ನು ಹೇಗೋ ದಾಟಿಸಿದರಲ್ಲ, ಅವರ ಮೇಲೆ ಯಾವ ದೂರೂ ಇಲ್ಲ. ಅದು ಜೈಲಿನೊಳಕ್ಕೆ ಚಪಾತಿಯಲ್ಲಿ ಚೀಟಿ ಮುಚ್ಚಿ ಕಳಿಸಿದ ಹಾಗೆ.

ಜೈಲಿಲ್ಲದ ಊರಿನಲ್ಲಿ ಚಪಾತಿಯೊಳಗೆ ಖಾಲಿ ಚೀಟಿ ಇಟ್ಟು ಕಳಿಸಿದವರು ನೀವು. ಎಂಟಿವಿಯ ‘ಟೀನ್ ವುಲ್ಫ್’ನಲ್ಲಿ ಸ್ಟೈಲ್ಸ್ ಮತ್ತು ಡೆರೆಕ್ ಜೋಡಿಯಾಗಲಿ ಎಂದು ಹಂಬಲಿಸುವ ಹುಡುಗಿಯರ ದೊಡ್ಡ ಗುಂಪಿತ್ತು. 2012ರಲ್ಲಿ ಒಂದು ಪ್ರಶಸ್ತಿಗೆ ವೋಟು ಹಾಕಿಸಬೇಕಾಗಿ ಬಂದಾಗ ಆ ಇಬ್ಬರು ನಟರನ್ನು ಹಡಗಿನ ಮೇಲೆ ತಬ್ಬಿಕೊಂಡು ಮಲಗಿಸಿ, ವೋಟು ಕೊಡಿ ಎಂದು ಕೇಳುವ ವಿಡಿಯೋ ಮಾಡಿದರು. ಇಂಥ ಜೋಡಿಗಳಿಗೆ ಅಭಿಮಾನಿಗಳು ‘ಶಿಪ್’ ಅನ್ನುವುದರಿಂದ ಆ ಹಡಗು. ಕಥೆಯಲ್ಲಿ ಅವರಿಬ್ಬರೂ ಎಂದೂ ಜೋಡಿಯಾಗಲಿಲ್ಲ. ಚುನಾವಣೆ ಮುಗಿದ ಮೇಲೆ ಈ ಕಡೆ ತಲೆಹಾಕದ ಅಭ್ಯರ್ಥಿಗಳನ್ನು ನಾವೂ ನೋಡಿದ್ದೇವೆ ಬಿಡಿ.

‘ಸೂಪರ್‌ನ್ಯಾಚುರಲ್’ ವಿಚಾರಕ್ಕೆ ಬರುತ್ತೇನೆ. ಇದನ್ನು ನನಗೆ ಹತ್ತಿಸಿದ್ದು ಒಬ್ಬ ಹಳೆಯ ವಿದ್ಯಾರ್ಥಿ. 2005ರಲ್ಲಿ ಶುರುವಾಗಿ 15 ಸೀಸನ್, 327 ಕಂತು. ದೆವ್ವ ಬೇಟೆಯಾಡುವ ಅಣ್ಣ ತಮ್ಮಂದಿರು ಡೀನ್ ಮತ್ತು ಸ್ಯಾಮ್. 2008ರ ಸೆಪ್ಟೆಂಬರಿನಲ್ಲಿ ಕ್ಯಾಸ್ಟಿಯಲ್ ಎಂಬ ದೇವದೂತ ಬಂದು ಸೇರಿಕೊಂಡ. ಡೀನ್‌ನನ್ನು ನರಕದಿಂದ ಎತ್ತಿ ತಂದವನು ಅವನೇ. ಆತುಕೊಂಡ ಗುರುತಿಗೆ ಡೀನ್‌ನ ತೋಳಿನ ಮೇಲೆ ಹಸ್ತದ ಅಚ್ಚು ಬೇರೆ. ಹನ್ನೆರಡು ವರ್ಷ ಅವರ ನೋಟಗಳನ್ನು ಅಳೆದು, ಸೆಕೆಂಡು ಎಣಿಸಿ, ಜನ ಬಡಿದಾಡಿದರು. ಅಣ್ಣ ತಮ್ಮಂದಿರ ಕಥೆಯನ್ನು ಕೆಡಿಸಬೇಡಿ ಎನ್ನುವವರು ಒಂದು ಕಡೆ, ಕಣ್ಣಿದ್ದವರಿಗೆ ಕಾಣುತ್ತದೆ ಎನ್ನುವವರು ಇನ್ನೊಂದು ಕಡೆ. 2020ರ ನವೆಂಬರ್ 5. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಯ ಮತ ಎಣಿಕೆ ಇನ್ನೂ ಮುಗಿದಿಲ್ಲ. ಆ ರಾತ್ರಿ ಕ್ಯಾಸ್ಟಿಯಲ್ ಡೀನ್‌ನ ಎದುರು ನಿಂತು ತನ್ನ ಪ್ರೀತಿಯನ್ನು ವಾಚ್ಯವಾಗಿಯೇ ಹೇಳಿದ.

ಆದರೆ ಅವನು ಮೊದಲೇ ಒಂದು ಕರಾರಿಗೆ ಸಿಕ್ಕಿಬಿದ್ದಿದ್ದ: ನಿಜವಾದ ಸುಖ ಕಂಡ ಕ್ಷಣವೇ ಅವನನ್ನು ಶೂನ್ಯ ಬಂದು ಎಳೆದುಕೊಂಡು ಹೋಗಬೇಕು. ಹೇಳಿದ್ದೇ ಸುಖವಾಯಿತು. ಕಪ್ಪು ಕೆಸರಿನಂಥದ್ದು ಗೋಡೆಯಿಂದ ಬಂದು ಅವನನ್ನು ನುಂಗಿತು. ಡೀನ್ ಬಾಯಲ್ಲಿ ಬಂದದ್ದು, ಹೀಗೆ ಮಾಡಬೇಡ, ಅಷ್ಟೆ. ಉಳಿದ ಎರಡು ಕಂತುಗಳ ಹೊಸ ದೃಶ್ಯಗಳಲ್ಲಿ ಕ್ಯಾಸ್ಟಿಯಲ್‌ನ ಮುಖ ತೆರೆಯ ಮೇಲೆ ಬರಲೇ ಇಲ್ಲ. ಬಾಯಿಬಿಟ್ಟರೆ ಕೈತಪ್ಪಿ ಮರಕ್ಕೆ ಹಾರಿಹೋಗುವ ಬೇತಾಳನ ಕಥೆ ನಮಗೆ ಗೊತ್ತು. ಆದರೆ ಅಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತಿತ್ತು, ಅಷ್ಟು ನ್ಯಾಯವಿತ್ತು.

ಅದೇ ತಿಂಗಳ ಕೊನೆಗೆ ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಡಬ್ಬಿಂಗ್ ಪ್ರಸಾರವಾಯಿತು. ಅದರಲ್ಲಿ ಡೀನ್‌ನ ಉತ್ತರವೇ ಬೇರೆ: ನಾನೂ ನಿನ್ನನ್ನು, ಕ್ಯಾಸ್. ರಾತ್ರೋರಾತ್ರಿ ಲೋಕವೆಲ್ಲ ಗುಲ್ಲು. ಅನುವಾದಕರು ತಾವೇ ಸೇರಿಸಿದರೋ, ಮೂಲದಲ್ಲಿದ್ದದ್ದನ್ನು ಇಂಗ್ಲಿಷಿನಲ್ಲಿ ಕತ್ತರಿಸಿದ್ದರೋ ಎಂದು ಮತ್ತೆ ವಾದ. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಟ್ಟಲೆ ಹೊಡೆದಾಡಿದ ನಾಡಿನವನು ನಾನು. ಡಬ್ಬಿಂಗಿಗೆ ಇಂಥ ಶಕ್ತಿಯಿದೆ ಎಂದು ಎರಡೂ ಪಕ್ಷದವರಿಗೆ ಹೊಳೆದಿರಲಿಲ್ಲ. ಆ ರಾತ್ರಿ ಇದನ್ನು ಕನ್ನಡಕ್ಕೆ ಹೇಗೆ ತರುತ್ತೀಯ ಎಂದು ಇವನು ಕೇಳಿದ. ಇಂಗ್ಲಿಷಿನಲ್ಲಿ ‘ಐ ಲವ್ ಯೂ’ ಎಂಬ ಮೂರು ಪದವನ್ನು ಅಮ್ಮನಿಗೂ ಹೇಳಬಹುದು, ಗೆಳೆಯನಿಗೂ ಹೇಳಬಹುದು, ಆಮೇಲೆ ನಾನು ಹೇಳಿದ್ದು ಆ ಅರ್ಥದಲ್ಲಲ್ಲ ಎಂದು ಜಾರಿಕೊಳ್ಳಬಹುದು. ಕನ್ನಡದಲ್ಲಿ ಜಾಗವಿಲ್ಲ. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಯಾವ ಗಂಡಸೂ ಗೆಳೆಯನಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಗೆಳೆಯನಿಗೆ ‘ನೀನಂದ್ರೆ ಪ್ರಾಣ ಕಣೋ’ ಅನ್ನುತ್ತೇವೆ, ಅಮ್ಮನಿಗೆ ಏನೂ ಅನ್ನುವುದಿಲ್ಲ. ಅನುವಾದ ಮಾಡಿದ ದಿನವೇ ನೀವು ಹನ್ನೆರಡು ವರ್ಷ ತಪ್ಪಿಸಿಕೊಂಡ ತೀರ್ಮಾನ ಆಗಿಹೋಗುತ್ತದೆ. ‘ಹಾಗಾದ್ರೆ ನೀನು ನನಗೆ ಏನು ಹೇಳ್ದೆ?’ ಅಂದ ಇವನು. ನಾನು ಹೇಳಿದ್ದು, ಗ್ಯಾಸ್ ಸಿಲಿಂಡರ್ ನನ್ನ ಹೆಸರಿನಲ್ಲೇ ಬುಕ್ ಮಾಡೋಣ, ಎಂದು. 2009ರಲ್ಲಿ.

ನಮ್ಮ ಕಡೆಯ ತಪ್ಪನ್ನು ಮುಚ್ಚಿಡುವುದಿಲ್ಲ. ಜಾನ್‌ನ ಹೆಂಡತಿ ಮೇರಿಯ ಪಾತ್ರ ಮಾಡಿದ ಅಮಂಡಾ ಅಬಿಂಗ್ಟನ್ ತಮಗೆ ಕೊಲೆ ಬೆದರಿಕೆಗಳು ಬಂದಿದ್ದನ್ನು ಹೇಳಿಕೊಂಡಿದ್ದಾರೆ. ಜೋಡಿಯ ನಡುವೆ ಬಂದಳು ಎಂಬುದೇ ಆಕೆಯ ಅಪರಾಧ. ‘ಹಾರ್ಟ್‌ಸ್ಟಾಪರ್’ ಧಾರಾವಾಹಿಯ ಕಿಟ್ ಕಾನರ್ ಎಂಬ ಎಳೆಯ ನಟನನ್ನು ನೀನೇನು, ಹೇಳು, ನಮ್ಮ ಮೂಗಿಗೆ ತುಪ್ಪ ಸವರುತ್ತಿದ್ದೀಯಾ ಎಂದು ಕಾಡಿ ಕಾಡಿ, 2022ರ ಅಕ್ಟೋಬರಿನ ಕೊನೆಯ ದಿನ ಆ ಹುಡುಗ ತಾನು ಬೈಸೆಕ್ಷುಯಲ್ ಎಂದು ಬಹಿರಂಗಪಡಿಸಬೇಕಾಯಿತು. ಆಗ ಅವನಿಗೆ ಹದಿನೆಂಟು ವರ್ಷ. ಪಾತ್ರದ ಮೇಲೆ ಹಾಕಬೇಕಾದ ಪ್ರಶ್ನೆಯನ್ನು ಮನುಷ್ಯನ ಮೇಲೆ ಹಾಕಿದವರು ನಮ್ಮವರೇ. ನನ್ನನ್ನು ಸ್ಟಾಫ್ ರೂಮಿನಲ್ಲಿ ಯಾರಾದರೂ ಹಾಗೆ ಕೂರಿಸಿ ಕೇಳಿದ್ದರೆ ನಾನು ಆವತ್ತೇ ವರ್ಗಾವಣೆಗೆ ಅರ್ಜಿ ಹಾಕುತ್ತಿದ್ದೆ.

ಕೇಳಿದರೆ ಸಾಧ್ಯವಿಲ್ಲ ಎನ್ನುತ್ತೀರಿ, ಕಥೆಯ ಹದ ಕೆಡುತ್ತದೆ ಎನ್ನುತ್ತೀರಿ. 2022ರ ‘ಅವರ್ ಫ್ಲ್ಯಾಗ್ ಮೀನ್ಸ್ ಡೆತ್’ ಎಂಬ ಕಡಲ್ಗಳ್ಳರ ಹಾಸ್ಯ ಧಾರಾವಾಹಿಯಲ್ಲಿ ಸ್ಟೀಡ್ ಬಾನೆಟ್ ಮತ್ತು ಬ್ಲ್ಯಾಕ್‌ಬಿಯರ್ಡ್ ಒಂಬತ್ತನೇ ಕಂತಿನಲ್ಲಿ ಮುತ್ತಿಟ್ಟರು. ಹದ ಕೆಡಲಿಲ್ಲ. ಆದರೆ ಅಷ್ಟರವರೆಗೆ ಎಷ್ಟೋ ಜನ ಇದೂ ಅದೇ ಆಟ ಎಂದು ಎದೆ ಗಟ್ಟಿ ಮಾಡಿಕೊಂಡೇ ನೋಡುತ್ತಿದ್ದರಂತೆ. ಕಣ್ಣೆದುರು ತಟ್ಟೆಯಲ್ಲಿ ಅನ್ನ ಬಡಿಸಿದರೂ ಅದು ಪ್ಲಾಸ್ಟಿಕ್ ಇರಬಹುದು ಎಂದು ಅನುಮಾನಪಡುವ ಸ್ಥಿತಿಗೆ ತಂದಿಟ್ಟವರು ಯಾರು? ನಮ್ಮ ಕನ್ನಡದಲ್ಲಿ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಎಂದು ಪುಸ್ತಕದ ಹೆಸರೇ ಇಟ್ಟು ಒಬ್ಬ ಸಲಿಂಗಿಯ ಬದುಕನ್ನು ನೇರವಾಗಿ ಬರೆದರು. ನಾನು ಆ ಪುಸ್ತಕಕ್ಕೆ ಬ್ರೌನ್ ಪೇಪರ್ ರಟ್ಟು ಹಾಕಿ ಬಸ್ಸಿನಲ್ಲಿ ಓದಿದೆ. ನಾಚಿಕೆ ನನ್ನದು, ಅವರದಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಸ್ನೇಹ ಬರೆಯುವುದಾದರೆ ಸ್ನೇಹವನ್ನೇ ಬರೆಯಿರಿ, ಆ ಜಗಲಿಯ ಚಾಪೆಯ ಹಾಗೆ, ಪಕ್ಕದಲ್ಲಿ ಯಾರನ್ನೂ ಕಿಸಕ್ಕೆನಿಸದೆ. ಪ್ರೇಮ ಬರೆಯುವುದಾದರೆ ಹೇಳಿದವನು ಮರುದಿನ ಬೆಳಿಗ್ಗೆ ಎದ್ದು ಹಲ್ಲುಜ್ಜಲಿ, ಒಂದು ಕಾಫಿ ಕುಡಿಯಲಿ. ಧ್ವನಿಯಲ್ಲೇ ಬಿಡುತ್ತೀರಾ, ಅದೂ ಸರಿ. ಆದರೆ ಓದಿದವಳು ಬಂದು ಹೀಗೆ ಕೇಳಿಸಿತು ಅಂದಾಗ ತಲೆ ಕೆಟ್ಟಿದೆಯಾ ಅನ್ನಬೇಡಿ. ‘ಇರಬಹುದಮ್ಮಾ’ ಅನ್ನುವುದಕ್ಕೆ ನಿಮ್ಮ ಗಂಟು ಏನೂ ಹೋಗುವುದಿಲ್ಲ. ಮತ್ತು ಆ ಎರಡನೇ ಕೋಣೆಯ ಜೋಕನ್ನು ದಯಮಾಡಿ ಇನ್ನು ನಿಲ್ಲಿಸಿ.

ಕೆಳಗೆ ನನ್ನ ಹೆಸರಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಗಂಟು ಬಿಚ್ಚಿದೆ, ನಿಜ. ಓನರ್ ಅಮ್ಮ ಬಿಚ್ಚಿಲ್ಲ. ಅವರಿಗೀಗ ಎಪ್ಪತ್ತೆಂಟು ವರ್ಷ, ಹಬ್ಬಕ್ಕೆ ಒಂದೇ ಡಬ್ಬಿಯಲ್ಲಿ ಇಬ್ಬರಿಗೂ ಒಬ್ಬಟ್ಟು ಕಳಿಸುತ್ತಾರೆ, ಅವರಿಗೆ ಎಷ್ಟು ಗೊತ್ತು ಎಂದು ನನಗೆ ಗೊತ್ತಿಲ್ಲ. ನಾನು ಧ್ವನಿಯಲ್ಲಿ ಬದುಕುತ್ತಿರುವುದಕ್ಕೆ ಕಾರಣವಿದೆ.

ಇಂತಿ ತಮ್ಮ ವಿಶ್ವಾಸಿ,
ಎರಡನೇ ಕೋಣೆಯಲ್ಲಿ ಓನರ್ ಅಮ್ಮನ ಬೀರು ಇಟ್ಟುಕೊಂಡಿರುವ ಒಬ್ಬ ವೀಕ್ಷಕ

ವಿ.ಸೂ.: ಪತ್ರವನ್ನು ಇವನಿಗೆ ಓದಿ ಹೇಳಿದೆ. ಕಾಗುಣಿತದ ಎರಡು ತಪ್ಪು ಹಿಡಿದ. ಆಮೇಲೆ, ‘ಷರ್ಲಾಕು ಜಾನು ಬರೀ ಫ್ರೆಂಡ್ಸೇ ಅಂತ ನನ್ನ ಕಡೆಯಿಂದ ಒಂದು ಸಾಲು ಸೇರಿಸು’ ಅಂದ. ಸೇರಿಸಿದ್ದೇನೆ.